ದೇವರ ಮೀನು, ಕೆರೆಯ ಮೀನು

ಶಾಲೆಯ ಪ್ರವಾಸದಲ್ಲಿ ಶೃಂಗೇರಿಯ ಮೆಟ್ಟಿಲ ಮೇಲೆ ಕುಳಿತು ತುಂಗೆಯ ಮೀನುಗಳಿಗೆ ನೀವು ಮಂಡಕ್ಕಿ ಎಸೆಯುತ್ತಿದ್ದುದು ನೆನಪಿದೆಯೇ? ಅಲ್ಲಿ ಮೀನು ಹಿಡಿಯುವಂತಿಲ್ಲ. ಆದರೆ ಆ ನಿಷೇಧ ರೋಗಕ್ಕೆ ತಿಳಿಯದು. 1988ರಲ್ಲಿ ಭಾರತಕ್ಕೆ ಬಂದ ಹುಣ್ಣುರೋಗವು ಸಾಕುಮೀನನ್ನೂ ಹೊಳೆಮೀನನ್ನೂ ಬಿಡಲಿಲ್ಲ. ಬೂಷ್ಟಿನಂತಹ ಒಂದು ಜಲಜೀವಿ ಅದಕ್ಕೆ ಕಾರಣ.

ಕೊಪ್ಪದ ಕಡೆ ತೋಟದ ಕೆರೆಗಳಲ್ಲಿ ಕಾಟ್ಲಾ, ರೋಹು ಸಾಕುವ ಶಿಷ್ಯರಿದ್ದಾರೆ, ಸಂತೋಷವೇ. ಆದರೆ ಮಳೆಗಾಲದಲ್ಲಿ ಕೋಡಿ ಹರಿದ ನೀರು ಹಳ್ಳ ಸೇರಿ ತುಂಗೆಗೆ ಹೋಗುತ್ತದೆ, ನರಸಿಂಹರಾಜಪುರದ ಕಡೆಯದು ಭದ್ರೆಯ ಹಿನ್ನೀರಿಗೆ. ಕೆರೆಗೆ ಮದ್ದು ಹಾಕಬಹುದು, ಹೊಳೆಗೆ ಹಾಕಲಾದೀತೇ?

ಮರಿ ಬಿಡುವ ಮೊದಲು ಕೆರೆ ಒಣಗಿಸಿ ಸುಣ್ಣ ಹಾಕಿರಿ. ಅಡಿಕೆಗೆ ಬೋರ್ಡೋ ದ್ರಾವಣ ಕಲಸುವವರಿಗೆ ಸುಣ್ಣ ಹೊಸದೇನಲ್ಲ! (ಮೈಲುತುತ್ತ ಮಾತ್ರ ಕೆರೆಗೆ ಸೋಕದಿರಲಿ, ಮೀನಿಗೆ ಅದು ವಿಷ.) ಕೋಡಿಗೆ ಬಲೆ ಕಟ್ಟಿರಿ. ಮೈಮೇಲೆ ಕೆಂಪು ಹುಣ್ಣೆದ್ದು ಸತ್ತ ಮೀನನ್ನು ಹಳ್ಳಕ್ಕೆಸೆಯದೆ, ಸುಣ್ಣ ಹಾಕಿ ಹೂಳಿರಿ.