ಪ್ರಸಾದವೂ ಪಥ್ಯವೂ

ಕಳೆದ ಶ್ರಾವಣದಲ್ಲಿ ಸೇಡಂ ಪಟ್ಟಣದ ಭಕ್ತರೊಬ್ಬರ ಮನೆಯಲ್ಲಿ ಪಾದಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆವು. ಎರಡನೆಯ ಹೋಳಿಗೆಯನ್ನು ಬಡಿಸಲು ಬಂದ ಆ ಮನೆಯ ತಾಯಿಗೆ ಕೈ ಅಡ್ಡ ಹಿಡಿದು ಸಾಕೆಂದೆವು. ಸಾರಿನ ಬಟ್ಟಲನ್ನೂ ಉಪ್ಪಿನಕಾಯಿಯನ್ನೂ ಮೊದಲೇ ಬೇಡವೆಂದಿದ್ದೆವು. ಆ ತಾಯಿ ಒಳಮನೆಗೆ ಹೋಗಿ ಕಣ್ಣೀರಿಟ್ಟರೆಂದು ಆಮೇಲೆ ತಿಳಿಯಿತು. ಸೇವೆಯಲ್ಲಿ ಏನೋ ಲೋಪವಾಗಿದೆ, ಅಪ್ಪಾ ಅವರು ಮುನಿಸಿಕೊಂಡಿದ್ದಾರೆ ಎಂದು ಅವರು ಭಾವಿಸಿದ್ದರು. ಅವರ ಸೇವೆಯಲ್ಲಿ ಯಾವ ಲೋಪವೂ ಇರಲಿಲ್ಲ. ಲೋಪವಿದ್ದುದು ನಮ್ಮ ಮೂತ್ರಪಿಂಡಗಳಲ್ಲಿ; ಮತ್ತು ಅದನ್ನು ಮೂರು ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟ ನಮ್ಮ ನಡತೆಯಲ್ಲಿ. ಆದಕಾರಣ ಈ ತಿಂಗಳ ಸಂಚಿಕೆಯಲ್ಲಿ ಬೇರೆ ವಿಷಯವನ್ನು ಬಿಟ್ಟು ಇದನ್ನೇ ಬರೆಯುತ್ತಿದ್ದೇವೆ.

ನಮಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು 2008ರಲ್ಲಿ. ಐದು ವರ್ಷಗಳ ತರುವಾಯ ರಕ್ತದೊತ್ತಡವೂ ಜೊತೆಗೂಡಿತು. ಶಿವಯೋಗಮಂದಿರದ ವಟುಜೀವನದಲ್ಲಿ ಬ್ರಾಹ್ಮೀ ಮುಹೂರ್ತದಲ್ಲೆದ್ದು ಆಸನಗಳನ್ನು ಹಾಕುತ್ತಿದ್ದ ದೇಹವಿದು. ಇದಕ್ಕೇನಾದೀತು ಎಂಬ ಒಂದು ಬಗೆಯ ಅಹಂಕಾರ ನಮ್ಮಲ್ಲಿತ್ತೆಂದು ಈಗ ಒಪ್ಪಿಕೊಳ್ಳಬೇಕು. ಆದರೆ ಆಸನ ಬಿಟ್ಟು ವರ್ಷಗಳಾಗಿದ್ದವು. ಜೀಪಿನಲ್ಲಿ ಕುಳಿತು ಊರೂರು ತಿರುಗುವುದೇ ಉಳಿದಿತ್ತು. ಮೊಣಕಾಲು ನೋವು ಬಂದ ಮೇಲಂತೂ ಪದ್ಮಾಸನದಲ್ಲಿ ಎರಡು ತಾಸು ಪ್ರವಚನ ಹೇಳುವುದು ಕಷ್ಟವಾಯಿತು. ಯಾರೋ ಒಂದು ಮಾತ್ರೆ ಕೊಟ್ಟರು, ನೋವು ಇಳಿಯಿತು. ಅಂದಿನಿಂದ ಪ್ರವಚನದ ದಿನಗಳಲ್ಲೆಲ್ಲ ಆ ಡೈಕ್ಲೋಫೆನಾಕ್ ಮಾತ್ರೆ ನಮ್ಮ ಜೋಳಿಗೆಯಲ್ಲಿ ವಿಭೂತಿಗಟ್ಟಿಯ ಪಕ್ಕದಲ್ಲಿಯೇ ಇರತೊಡಗಿತು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು. ಸ್ವಾಮಿಗಳಿಗೆಂದರೆ ಹಣವನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ ಈಗ ವೈದ್ಯನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ 2021ರಲ್ಲಿ ದರ್ಶನಕ್ಕೆ ಬಂದವನು ನಮ್ಮ ಪಾದಗಳನ್ನು ಮುಟ್ಟಿ ನಮಸ್ಕರಿಸಿದ. ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ, "ಅಪ್ಪಾ, ಬಾವು ಎಷ್ಟು ದಿನದಿಂದ?" ಎಂದು ಕೇಳಿದ. ಒತ್ತಿದಲ್ಲಿ ಗುಳಿ ಬಿದ್ದಿತ್ತು. ಮರುದಿನವೇ ರಕ್ತವನ್ನೂ ಮೂತ್ರವನ್ನೂ ಪರೀಕ್ಷೆಗೆ ಕಳಿಸಿದ. ಕ್ರಿಯಾಟಿನಿನ್ 1.9, ಶೋಧಿಸುವ ಶಕ್ತಿಯ ಲೆಕ್ಕ 41, ಮೂತ್ರದಲ್ಲಿ ಆಲ್ಬುಮಿನ್ ಎಂಬ ಸಸಾರಜನಕ ವಿಪರೀತವಾಗಿ ಸೋರುತ್ತಿತ್ತು. ಹದಿಮೂರು ವರ್ಷ ಸಕ್ಕರೆಯ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಿದ್ದೆವು. ಮೂತ್ರದ ಆ ಅಗ್ಗದ ಪರೀಕ್ಷೆಯನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅವನು ವಿವರಿಸಿದ್ದನ್ನು ಇಲ್ಲಿ ಹೇಳುವುದು ಉಪಯುಕ್ತ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳುಂಟು. ದಿನವೊಂದಕ್ಕೆ ಇವು ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು ಉಳಿದುದನ್ನು ದೇಹಕ್ಕೆ ಹಿಂದಿರುಗಿಸುತ್ತವೆ. ಸಕ್ಕರೆಯೂ ಒತ್ತಡವೂ ಸೇರಿ ಜರಡಿಯನ್ನು ಹರಿಯುತ್ತವೆ. ನೋವಿನ ಮಾತ್ರೆ ಅದಕ್ಕೆ ಬರುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಅರ್ಧದಷ್ಟು ಶಕ್ತಿ ಹೋಗುವವರೆಗೆ ಕ್ರಿಯಾಟಿನಿನ್ ಸಹ ಹೆಚ್ಚಾಗಿ ಏರದು, ನೋವಂತೂ ಇರುವುದೇ ಇಲ್ಲ. ಮೂತ್ರದಲ್ಲಿ ಸೋರುವ ಆಲ್ಬುಮಿನ್ ಮಾತ್ರ ವರ್ಷಗಳ ಮುಂಚೆಯೇ ಸುಳಿವು ಕೊಡುತ್ತದೆ.

ಇಷ್ಟಾದರೂ ಯಾರಿಗೂ ಹೇಳಕೂಡದೆಂದು ಅವನಿಂದ ಮಾತು ತೆಗೆದುಕೊಂಡೆವು. ಭಕ್ತರು ಕಾಯಿಲೆ ಹೇಳಿಕೊಂಡು ಮಠಕ್ಕೆ ಬರುತ್ತಾರೆ. ಅಂಥವರ ಮುಂದೆ ನಾವೇ ರೋಗಿಯೆಂದು ಹೇಗೆ ಹೇಳುವುದು? ಹೀಗೆಂದುಕೊಂಡು ಪಾದಪೂಜೆಗಳಲ್ಲಿ ಬಡಿಸಿದ್ದನ್ನೆಲ್ಲ ಸ್ವೀಕರಿಸುತ್ತ ಹೋದೆವು. ಪ್ರಸಾದವನ್ನು ಬಿಸಾಡಕೂಡದೆಂಬ ನಿಯಮ ನಮಗೆ ಬಾಲ್ಯದಿಂದ ಬಂದುದು. ಆದರೆ ಬಡಿಸುವ ಮೊದಲೇ ಸಾಕೆನ್ನುವುದಕ್ಕೆ ಆ ನಿಯಮ ಅಡ್ಡಬರುವುದಿಲ್ಲ. ಈ ಸರಳ ಸಂಗತಿ ಹೊಳೆಯಲು, ಹೊಳೆದ ಮೇಲೆ ಬಾಯಿಬಿಟ್ಟು ಹೇಳಲು, ಮೂರು ವರ್ಷ ಬೇಕಾಯಿತು. ಅದಕ್ಕೊಂದು ಕಾರಣವೂ ಒದಗಿತು.

ಚಿಂಚೋಳಿಯ ಕಡೆಯ ವೃದ್ಧ ಭಕ್ತರೊಬ್ಬರಿದ್ದಾರೆ. ತೊಗರಿ ಬೆಳೆಯುವ ಒಕ್ಕಲಿಗರು. ಅವರಿಗೂ ಸಕ್ಕರೆ, ಅವರಿಗೂ ಒತ್ತಡ. ಮನೆಯವರು ಸಿಹಿ ತಡೆದರೆ, "ಅಪ್ಪಾ ಅವರಿಗೂ ಸಕ್ಕರೆ ಅದ. ಅವರು ಹುಗ್ಗಿ ಉಣ್ಣತಾರ, ನನಗ್ಯಾಕ ಬ್ಯಾಡ?" ಎನ್ನುತ್ತಿದ್ದರಂತೆ. ಎರಡು ವರ್ಷಗಳ ಹಿಂದೆ ಜಾತ್ರೆಗೆ ಬಂದಾಗ ಹರ್ಷದಿಂದ, "ಅಪ್ಪಾ, ನನ್ನ ಸಕ್ಕರಿ ತಾನೇ ಇಳಿದು ಹೋತು. ಇನ್ಸುಲಿನ್ ಅರ್ಧ ಕಡಿಮಿ ಮಾಡೇನಿ, ಆದರೂ ಕೆಳಗೇ ಅದ" ಎಂದರು. ಲಿಂಗದ ಕೃಪೆ ಎಂದು ತಲೆಯ ಮೇಲೆ ಕೈಯಿಟ್ಟು ಕಳಿಸಿದೆವು. ಅದು ಕೃಪೆಯಾಗಿರಲಿಲ್ಲ. ದೇಹದೊಳಗಿನ ಇನ್ಸುಲಿನ್ನಿನ ಒಂದು ಪಾಲನ್ನು ಕರಗಿಸಿ ಕಳೆಯುವುದು ಮೂತ್ರಪಿಂಡಗಳ ಕೆಲಸ. ಅವು ಸೋತಾಗ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಸಕ್ಕರೆ ಕಾರಣವಿಲ್ಲದೆ ಇಳಿಯುತ್ತದೆ. ಮೂರು ತಿಂಗಳಲ್ಲಿ ಅವರನ್ನು ಉಸಿರಾಡಲಾರದ ಸ್ಥಿತಿಯಲ್ಲಿ ಕಲಬುರಗಿಗೆ ಒಯ್ದರು. ಅಂದಿನಿಂದ ಡಯಾಲಿಸಿಸ್ ನಡೆದಿದೆ. ಆ ದಿನ ಕೈಯಿಟ್ಟು ಕಳಿಸುವ ಬದಲು, ಈ ಇಳಿತವನ್ನು ವೈದ್ಯರಿಗೆ ತೋರಿಸಿರೆಂದು ಹೇಳಿದ್ದರೆ ಎಂಬ ಯೋಚನೆ ಪೂಜೆಯ ಹೊತ್ತಿನಲ್ಲಿಯೂ ನಮ್ಮನ್ನು ಬಿಟ್ಟಿಲ್ಲ.

ಒಂದೇ ದೇಹದಲ್ಲಿ ಮೂರು ನಾಲ್ಕು ರೋಗಗಳು ಮನೆಮಾಡಿದಾಗ ಆಗುವ ಗೊಂದಲ ಒಂದು ರೋಗವಿದ್ದವರಿಗೆ ತಿಳಿಯದು. ಸಕ್ಕರೆಗೆ ಪಥ್ಯ ಹೇಳಿದವರು ಮೊಳಕೆ ಕಾಳು, ಸೊಪ್ಪು, ಮಜ್ಜಿಗೆ ಹೆಚ್ಚಾಗಿರಲಿ ಎಂದಿದ್ದರು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಭಕ್ತರೊಬ್ಬರು ಸೋಡಿಯಂ ಕಡಿಮೆಯಿರುವ ಉಪ್ಪಿನ ಪೊಟ್ಟಣಗಳನ್ನು ಮಠಕ್ಕೆ ತಂದುಕೊಟ್ಟರು. ಸೋಡಿಯಮ್ಮಿನ ಜಾಗದಲ್ಲಿ ಅದರೊಳಗಿರುವುದು ಪೊಟ್ಯಾಸಿಯಂ. ಒತ್ತಡವೊಂದೇ ಇದ್ದವರಿಗೆ ಅದು ಹಿತ, ಮೂತ್ರಪಿಂಡ ಸೋತವರಿಗೆ ಹೃದಯದ ಬಡಿತವನ್ನೇ ಕೆಡಿಸಬಲ್ಲುದು. ಪ್ರವಚನದ ನಡುವೆ ಸಕ್ಕರೆ ಇಳಿದು ಬೆವರಿದರೆ ಭಕ್ತರು ಎಳನೀರು ಹಿಡಿದು ಓಡಿಬರುತ್ತಾರೆ. ಅದೂ ಪೊಟ್ಯಾಸಿಯಮ್ಮಿನ ಕೊಡವೇ. ನೀರಿನಲ್ಲಿ ಕಲಸಿದ ಎರಡು ಮೂರು ಚಮಚ ಸಕ್ಕರೆ ಸಾಕು. ಸಕ್ಕರೆ ರೋಗಿಗೆ ಸಕ್ಕರೆಯೇ ಔಷಧವಾಗುವ ಗಳಿಗೆಯೂ ಉಂಟೆಂದರೆ ನಂಬದವರಿದ್ದಾರೆ.

ನಮ್ಮ ಸೀಮೆಯ ಊಟವನ್ನೇ ನೋಡಿರಿ. ಎಳ್ಳಮಾವಾಸ್ಯೆಯ ಭಜ್ಜಿಯಲ್ಲಿ ಹೊಲದ ಹಸಿಕಾಳುಗಳೆಲ್ಲ, ಸೊಪ್ಪುಗಳೆಲ್ಲ ಒಂದಾಗಿ ಕುದಿಯುತ್ತವೆ. ಅದರ ರುಚಿಯನ್ನು ಬಲ್ಲವರೇ ಬಲ್ಲರು. ಅಂಥ ಭಜ್ಜಿಯನ್ನು ಈಗ ನಾವು ಒಂದು ಸೌಟು ಸ್ವೀಕರಿಸುತ್ತೇವೆ. ಪುಂಡಿಪಲ್ಯವನ್ನು ಮಠದ ಅಡುಗೆಯವರು ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಿ ಮಾಡಿಕೊಡುತ್ತಾರೆ. ಪೊಟ್ಯಾಸಿಯಮ್ಮಿನ ಒಂದು ಪಾಲು ನೀರಿನೊಡನೆ ಹೋಗುತ್ತದೆ, ಹುಳಿಯೂ ಹೋಗುತ್ತದೆ, ಏನು ಮಾಡುವುದು! ತೊಗರಿಬೇಳೆಯನ್ನು ಪೂರ್ತಿ ಬಿಡಬೇಕೆಂದು ಕೆಲವರು ಹೆದರಿಸಿದರು. ವೈದ್ಯರು ಹಾಗೆ ಹೇಳಲಿಲ್ಲ. ಬಿಟ್ಟರೆ ದೇಹ ಸೊರಗುತ್ತದೆ, ಅಳತೆಯಲ್ಲಿರಲಿ ಎಂದರು. ಜೋಳದ ರೊಟ್ಟಿ ಇದೆ, ಉಪ್ಪಿಲ್ಲದೆ. ಹಪ್ಪಳ, ಉಪ್ಪಿನಕಾಯಿ, ಶೇಂಗಾ ಹಿಂಡಿ ಹೋದವು. ಶೇಂಗಾ ಹಿಂಡಿಯನ್ನು ಬಿಡುವುದು ಸನ್ಯಾಸದಷ್ಟು ಸುಲಭವಾಗಿರಲಿಲ್ಲ.

ಈ ಎಲ್ಲಕ್ಕೂ ನಾವು ಕಂಡುಕೊಂಡ ಉಪಾಯ ಒಂದು ನೋಟುಪುಸ್ತಕ. ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಅಭ್ಯಾಸ ಇಲ್ಲಿ ಒದಗಿತು. ಬೆಳಗಿನ ರಕ್ತದೊತ್ತಡ, ಸಕ್ಕರೆ, ತೂಕ, ಮಾತ್ರೆಗಳ ಹೆಸರು, ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಎಲ್ಲವೂ ಅದರಲ್ಲಿವೆ. ಕಣ್ಣಿನ ವೈದ್ಯರಲ್ಲಿಗೆ ಹೋದರೂ ಮೊಣಕಾಲಿನ ವೈದ್ಯರಲ್ಲಿಗೆ ಹೋದರೂ ಅದೇ ಪುಸ್ತಕವನ್ನು ಮುಂದಿಡುತ್ತೇವೆ. ಮೊಣಕಾಲಿನವರು ಹೊಸ ನೋವಿನ ಮಾತ್ರೆ ಬರೆಯಲು ಹೊರಟವರು ಆ ಪುಟ ನೋಡಿ ಪೆನ್ನನ್ನು ಕೆಳಗಿಟ್ಟದ್ದುಂಟು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಶೋಧಶಕ್ತಿ 30ಕ್ಕಿಂತ ಕೆಳಗಿಳಿದರೆ ಅದನ್ನು ನಿಲ್ಲಿಸಲೇಬೇಕಂತೆ. ಡಾಪಾಗ್ಲಿಫ್ಲೋಜಿನ್ ಎಂಬುದನ್ನು ಹೊಸದಾಗಿ ಸೇರಿಸಿದರು. ಇದರ ಮೂಲಪುರುಷ ಸೇಬುಮರದ ಬೇರಿನ ತೊಗಟೆಯಿಂದ 1835ರಲ್ಲಿ ಪ್ರತ್ಯೇಕಿಸಿದ ಫ್ಲೋರಿಜಿನ್ ಎಂಬ ಕಹಿ ಪದಾರ್ಥ. ಸಕ್ಕರೆಗೆಂದು ತಯಾರಾದ ಮಾತ್ರೆ ಮೂತ್ರಪಿಂಡವನ್ನೂ ಕಾಯುತ್ತದೆಂದು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸ್ಥಿರಪಟ್ಟಿತು. ಅದೇ ವರ್ಷ ನಮ್ಮ ದೇಶದಲ್ಲಿ ಪೇಟೆಂಟಿನ ಅವಧಿ ಮುಗಿದು ಬೆಲೆ ಇಳಿದದ್ದು ಬಡವರ ಪುಣ್ಯ.

ಬೇರಿನ ಮಾತು ಬಂದುದರಿಂದ ಒಂದು ಮಾತು. ಆಯುರ್ವೇದದಲ್ಲಿ ನಮಗೆ ಗೌರವವುಂಟು. ಆದರೆ ಹೆಸರಿಲ್ಲದ, ಒಳಗೇನಿದೆಯೆಂದು ಕೊಟ್ಟವನೂ ಹೇಳಲಾರದ ಭಸ್ಮದ ಪೊಟ್ಟಣಗಳನ್ನು ಭಕ್ತರು ಪ್ರೀತಿಯಿಂದ ತಂದುಕೊಡುತ್ತಾರೆ. ಸೀಸ, ಪಾದರಸ ಬೆರೆತ ಪುಡಿ ಮೊದಲು ಕೆಡಿಸುವುದು ಮೂತ್ರಪಿಂಡವನ್ನೇ. ಅಂಥವನ್ನು ಸ್ವೀಕರಿಸಿ ಪಕ್ಕಕ್ಕಿಡುತ್ತೇವೆ; ಇನ್ನು ತರಬೇಡಿರೆಂದು ಇಲ್ಲಿಯೇ ಹೇಳಿದ್ದೇವೆ.

2023ರ ಮೇ ತಿಂಗಳಲ್ಲಿ ವಾಡಿಯ ಸಮೀಪದ ಊರಿಗೆ ಸಾಮೂಹಿಕ ವಿವಾಹಕ್ಕೆ ಹೋಗಿದ್ದೆವು. ಆ ಬಿಸಿಲನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಸಂಜೆಗೆ ವಾಂತಿಭೇದಿ ಹತ್ತಿತು. ಔಷಧ ತಪ್ಪಿಸಬಾರದೆಂಬ ನಿಷ್ಠೆಯಿಂದ ಒತ್ತಡದ ಮಾತ್ರೆ, ಸಕ್ಕರೆಯ ಮಾತ್ರೆ ಎಲ್ಲವನ್ನೂ ಎರಡು ದಿನ ನುಂಗಿದೆವು. ಕ್ರಿಯಾಟಿನಿನ್ 2.6ಕ್ಕೆ ಏರಿತು. ದೇಹ ನೀರು ಕಳೆದುಕೊಂಡ ದಿನಗಳಲ್ಲಿ ಇವುಗಳಲ್ಲಿ ಕೆಲವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಯಾವುದನ್ನು, ಎಷ್ಟು ದಿನ ಎಂಬುದನ್ನು ಚೆನ್ನಾಗಿರುವಾಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಬೇಕು. ನಮ್ಮದು 2.1ಕ್ಕೆ ಇಳಿದು ನಿಂತಿತು. ಮೊದಲಿನಷ್ಟಕ್ಕೆ ಬರಲಿಲ್ಲ. ಶಹಾಬಾದದ ಫರಸಿಕಲ್ಲಿನ ಗಣಿಗಳಲ್ಲಿ ಇಂಥ ಬಿಸಿಲಿನಲ್ಲಿ ದಿನವಿಡೀ ದುಡಿದು, ರಾತ್ರಿ ಬೆನ್ನುನೋವಿಗೆ ಅದೇ ಡೈಕ್ಲೋಫೆನಾಕ್ ನುಂಗುವ ಕಾಯಕಜೀವಿಗಳು ಅಂದಿನಿಂದ ಪದೇ ಪದೇ ನೆನಪಾಗುತ್ತಾರೆ. ನಮಗಾದರೋ ಬೀಸಣಿಗೆ ಹಿಡಿಯುವವರಿದ್ದರು.

ಸೇಡಂನಿಂದ ಬೆಳಗಿನ ರೈಲು ಹತ್ತಿದರೆ ಮಳಖೇಡ ರೋಡ, ಚಿತ್ತಾಪುರ, ವಾಡಿ, ಶಹಾಬಾದ ದಾಟಿ ಕಲಬುರಗಿ ಸೇರಬಹುದು. ಪರೀಕ್ಷೆಗೆಂದು ಹೋಗುವಾಗ ಕೆಲವು ಸಲ ನಾವೂ ಆ ರೈಲಿನಲ್ಲಿ ಹೋಗಿದ್ದೇವೆ. ಕೈಯಲ್ಲಿ ಫೈಲು, ಮೊಣಕೈಯ ಕೆಳಗೆ ಬಿಳಿ ಪಟ್ಟಿ ಇದ್ದವರನ್ನು ಕಂಡರೆ ಈಗ ಕೇಳದೆಯೇ ಗುರುತಿಸುತ್ತೇವೆ. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲ ನಾಲ್ಕು ತಾಸು. 2016ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಬಡವರಿಗೆ ಚಿಕಿತ್ಸೆ ಉಚಿತವಾಯಿತು. ದಾರಿಯ ಖರ್ಚು, ಹೋದ ದಿನದ ಕೂಲಿ ಉಚಿತವಾಗಲಿಲ್ಲ. ಚಿಂಚೋಳಿಗಂತೂ ರೈಲೇ ಇಲ್ಲ. ಡಯಾಲಿಸಿಸ್ ಎಂದರೆ ಬಾಳು ಮುಗಿಯಿತೆಂದು ಹೆದರುವವರಿಗೆ ನಾವು ಜಯಪ್ರಕಾಶ ನಾರಾಯಣರನ್ನು ನೆನಪಿಸುತ್ತೇವೆ. 1975ರಲ್ಲಿ ಸೆರೆಯಲ್ಲಿದ್ದಾಗ ಅವರ ಮೂತ್ರಪಿಂಡಗಳು ಕೆಟ್ಟವು. ಸಕ್ಕರೆ ಕಾಯಿಲೆಯೂ ಇತ್ತು. ಡಯಾಲಿಸಿಸ್ಸಿನ ಆಸರೆಯಲ್ಲಿಯೇ ಅವರು 1977ರ ಚುನಾವಣೆಯಲ್ಲಿ ದೇಶವನ್ನು ಅಲುಗಿಸಿದರು. 1979ರ ಅಕ್ಟೋಬರಿನವರೆಗೆ ಬದುಕಿದ್ದರು.

ಮೂತ್ರಪಿಂಡದ ಕಸಿಯ ಬಗೆಗೆ ಬೇರೊಮ್ಮೆ ಬರೆಯುವೆವು. ನಮ್ಮ ದೇಶದಲ್ಲಿ ಬದುಕಿದ್ದು ದಾನ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು ಎಂಬ ಸಂಗತಿಯನ್ನು ಮಾತ್ರ ನಮ್ಮ ಮನೆಗಳ ಗಂಡಸರು ಈಗಲೇ ತುಸು ಯೋಚಿಸಲಿ.

ನಮ್ಮ ವೈದ್ಯರು ಮೊನ್ನೆ ಹೊಸದೊಂದು ಕಟ್ಟಳೆ ಹೇಳಿದರು: ಎಡಗೈಯಿಂದ ಇನ್ನು ರಕ್ತ ತೆಗೆಸಬಾರದು, ಸೂಜಿ ಚುಚ್ಚಿಸಬಾರದು. ಮುಂದೆಂದಾದರೂ ಡಯಾಲಿಸಿಸ್ ಬೇಕಾದರೆ ಬಲಗೈ ಬಳಸುವವರಿಗೆ ಎಡಗೈಯ ರಕ್ತನಾಳಗಳನ್ನೇ ಜೋಡಿಸುತ್ತಾರಂತೆ. ಎಡಗೈ ಎಂದರೆ ನಮಗೆ ಕರಸ್ಥಲ. ನಲವತ್ತು ವರ್ಷಗಳಿಂದ ದಿನಕ್ಕೆ ಮೂರು ಹೊತ್ತು ಇಷ್ಟಲಿಂಗ ಕುಳಿತ ಸ್ಥಳ. ಅಂದು ಪೂಜೆಯಲ್ಲಿ ಲಿಂಗಕ್ಕಿಂತ ಹೆಚ್ಚಾಗಿ ಮುಂಗೈಯ ನೀಲಿ ನರಗಳನ್ನೇ ನೋಡುತ್ತ ಕುಳಿತೆವು.

ಕಳೆದ ವಾರ ಚಿಂಚೋಳಿಗೆ ಹೋಗಿ ಆ ವೃದ್ಧರನ್ನು ಕಂಡೆವು. ತಪ್ಪು ನಮ್ಮದೆಂದು ಹೇಳಿದೆವು. ಅವರು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳದವರಂತಿದ್ದರು. ತಮ್ಮ ಎಡಗೈಯನ್ನು ಚಾಚಿ, ನಾಳ ಕೂಡಿಸಿದ ಜಾಗದ ಮೇಲೆ ನಮ್ಮ ಬೆರಳನ್ನು ಇಟ್ಟುಕೊಂಡರು. ಒಳಗೆ ಜೇನುಹುಳುವಿನಂತೆ ರಕ್ತ ಝೇಂಕರಿಸುತ್ತಿತ್ತು. ಆ ಕೈಯಲ್ಲಿ ಭಾರ ಎತ್ತಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ, ಲಿಂಗವನ್ನು ಹಿಡಿಯಬಹುದೋ ಎಂದು ಇವರು ಕೇಳಿದರಂತೆ. ತೂಕವೆಷ್ಟು ಎಂದು ಡಾಕ್ಟರು ಕೇಳಿದರು. "ಐದಾರು ತೊಲಿ ಆದೀತು ಅಂದೆ. ಹಿಡೀರಿ ಅಂದರು, ಅಪ್ಪಾ" ಎಂದು ಅವರು ನಕ್ಕರು. ಆಮೇಲೆ ಸೊಸೆಯನ್ನು ಕೂಗಿ, ಅಪ್ಪಾ ಅವರಿಗೆ ಅರ್ಧ ಕಪ್ಪು ಚಹಾ ತಾ, ಸಕ್ಕರೆ ಹಾಕಬೇಡ ಎಂದರು.