ಅರವತ್ತು ಸುತ್ತಿನ ಅಂತರ

ತಂದೆಯ ಹೆಜ್ಜೆಯಲ್ಲಿಯೇ ಮಗ ನಡೆಯಬೇಕೆಂಬುದು ಹಿರಿಯರ ಆಸೆ. ನಡೆದರೆ ಕುಲ ಉದ್ಧಾರವಾಯಿತೆಂಬ ತೃಪ್ತಿ. ನಡೆಯದಿದ್ದರೆ ಕಾಲ ಕೆಟ್ಟಿತೆಂಬ ನಿಟ್ಟುಸಿರು. ಈ ವಿಷಯದಲ್ಲಿ ನಮಗಿಂತ ವಿದ್ಯುತ್ ಮೋಟಾರಿಗೇ ಹೆಚ್ಚು ತಿಳಿವಳಿಕೆ ಎಂದು ನನ್ನ ನಂಬಿಕೆ.

ಪಂಪಿನ ಮೋಟಾರಿಗೆ ಹೊಡೆದಿರುವ ಫಲಕವನ್ನು ಓದಿ ನೋಡಿ. ಅನೇಕ ಮೋಟಾರುಗಳ ಮೇಲೆ ನಿಮಿಷಕ್ಕೆ 1440 ಸುತ್ತು ಎಂದಿರುತ್ತದೆ. ಹೊರಗಿನ ಸುರುಳಿಗಳು ಹುಟ್ಟಿಸುವ ಕಾಂತಕ್ಷೇತ್ರವಾದರೋ 1500 ಸುತ್ತು ತಿರುಗುತ್ತದೆ. ಒಳಗಿನ ರೋಟರು ಅದರ ಬೆನ್ನು ಹತ್ತಿ ಓಡುತ್ತದೆ, ಆದರೆ ಹಿಡಿಯುವುದಿಲ್ಲ. ಹಿಡಿದರೆ ರೋಟರಿನಲ್ಲಿ ವಿದ್ಯುತ್ತು ಹುಟ್ಟದು, ತಿರುಗಿಸುವ ಬಲವೂ ಇರದು. ನೀರನ್ನು ಮೇಲಕ್ಕೆತ್ತುವುದು ಆ 60 ಸುತ್ತಿನ ಅಂತರವೇ. ಕಸುಬಿನವರು ಅದನ್ನು ‘ಸ್ಲಿಪ್’ ಎನ್ನುತ್ತಾರೆ.

ಕಿರ್ಲೋಸ್ಕರ ಮನೆತನದ ಕಥೆಯಲ್ಲಿ ನನಗೆ ಕಾಣುವುದೂ ಇದೇ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾಯರ ತಂದೆ ವೇದಾಂತಿಗಳು. ಮಗ ಚಿತ್ರ ಕಲಿಯಲು ಮುಂಬಯಿಗೆ ಹೋದರು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತಿಳಿಯದೆಂದು ಗೊತ್ತಾದಾಗ ಯಂತ್ರಗಳ ನಕ್ಷೆಗೆ ತಿರುಗಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ನೆಲ ವಿಷವಾದೀತೆಂದು ರೈತರು ಮೊದಮೊದಲು ಹೆದರಿದರು. 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮಗ ರವಿ ಕಿರ್ಲೋಸ್ಕರರು ನೇಗಿಲನ್ನೇ ಹಿಡಿದು ಕೂರಲಿಲ್ಲ. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಂಪನಿ ಹೂಡಿದರು.

ಹಾಗೆಂದು ಅಂತರ ಎಷ್ಟಾದರೂ ಆಗಲಿ ಎನ್ನುವಂತಿಲ್ಲ. ಹೊರೆ ಮೀರಿದರೆ ರೋಟರು ಹಿಂದೆ ಹಿಂದೆ ಬಿದ್ದು ಕೊನೆಗೆ ನಿಂತೇಬಿಡುತ್ತದೆ, ಸುರುಳಿ ಸುಟ್ಟುಹೋಗುತ್ತದೆ. ಮನೆತನದ ಹೆಸರೊಂದೇ ಯಾವ ಕಾರ್ಖಾನೆಯನ್ನೂ ಉಳಿಸದು. ಅದೇ ಹೆಸರಿನಲ್ಲಿ 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾಗಿ ಲೇತುಗಳನ್ನು ಮಾಡುತ್ತಿದ್ದ ಕಾರ್ಖಾನೆ ಈಗ ಇಲ್ಲ.

ದೊಡ್ಡವರ ಮಾತು ಹಾಗಿರಲಿ. ನನ್ನ ಅಣ್ಣನದು ಮೋಟಾರು ರಿವೈಂಡಿಂಗ್ ಮಾಡುವ ಪುಟ್ಟ ಅಂಗಡಿ. ಅವನ ಮಗ ತಾಮ್ರದ ತಂತಿ ಮುಟ್ಟಲಿಲ್ಲ. ಕಾರ್ಖಾನೆಗಳಿಗೆ ಆಟೊಮೇಶನ್ ಅಳವಡಿಸುತ್ತಾನೆ. ಡ್ರೈವ್ ಎಂಬ ಪೆಟ್ಟಿಗೆ ವಿದ್ಯುತ್ತಿನ ಆವರ್ತನವನ್ನೇ ಬದಲಿಸಿ ಮೋಟಾರನ್ನು ಬೇಕಾದ ವೇಗದಲ್ಲಿ ಓಡಿಸುತ್ತದಂತೆ. “ಕೈಗೆ ಮಸಿಯಾಗದ ಕಸುಬು!” ಎಂದು ಅಣ್ಣನ ಕೊರಗು. ನನ್ನ ಕಾಲಕ್ಕೇ ಅಂಗಡಿಯ ಬಾಗಿಲು ಮುಚ್ಚುತ್ತದೆ ಎಂಬ ಸಂಕಟ ಅದರ ಒಳಗಿದೆ.

ಮೊನ್ನೆ ಒಂದು ಗಿರಣಿಯಲ್ಲಿ ಡ್ರೈವು ಮತ್ತೆ ಮತ್ತೆ ನಿಲ್ಲುತ್ತಿತ್ತಂತೆ. ಉಳಿದವರು ಪರದೆಯ ಅಂಕಿಗಳನ್ನು ನೋಡುತ್ತಿದ್ದಾಗ ಹುಡುಗ ಬಗ್ಗಿ ಮೋಟಾರನ್ನು ಮೂಸಿದ. ಸುಟ್ಟ ವಾರ್ನಿಷಿನ ವಾಸನೆ! ಅಪ್ಪನ ಅಂಗಡಿಯಲ್ಲಿ ಆಡಿ ಬೆಳೆದ ಮೂಗಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೋಟಾರನ್ನು ಬಿಚ್ಚಿಸಿ ನೇರವಾಗಿ ಅಂಗಡಿಗೇ ತಂದ.

ಅಣ್ಣ ಹೊಗಳಲಿಲ್ಲ, ಬಯ್ಯಲೂ ಇಲ್ಲ. ಕನ್ನಡಕ ಏರಿಸಿಕೊಂಡು, ಸುಟ್ಟ ಸುರುಳಿಯನ್ನು ಕತ್ತರಿಸಿ, ಸುತ್ತು ಎಣಿಸತೊಡಗಿದ.