ಬೆಂಜಿಯ ಊರಿನಲ್ಲಿ ಅಪ್ಪನ ಸುತ್ತು

ಡಲ್ಲಾಸ್‌ಗೆ ಬರುವ ನೆಂಟರನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವ ಪಟ್ಟಿ ಇಲ್ಲಿನ ಕನ್ನಡದವರ ಮನೆಗಳಲ್ಲಿ ರೆಡಿ ಇರುತ್ತದೆ. ಕೆನಡಿಗೆ ಗುಂಡು ಬಿದ್ದ ಡೀಲಿ ಪ್ಲಾಜಾ, ಫೋರ್ಟ್‌ವರ್ತ್‌ನ ಸ್ಟಾಕ್‌ಯಾರ್ಡ್ಸ್, ಫ್ರಿಸ್ಕೊದ ಹನುಮಂತನ ಗುಡಿ, ಕೊನೆಗೊಂದು ದೊಡ್ಡ ಮಾಲ್. ಹೋದ ಬೇಸಿಗೆಯಲ್ಲಿ ದಾವಣಗೆರೆಯಿಂದ ಬಂದ ಅಪ್ಪನಿಗೆ ಇದೆಲ್ಲ ಎರಡೇ ವಾರದಲ್ಲಿ ಮುಗಿದುಹೋಯಿತು. ಇನ್ನೂ ಐದೂವರೆ ತಿಂಗಳು ಬಾಕಿ ಇತ್ತು.

ಅಮ್ಮ ಹೋಗಿ ಎರಡು ವರ್ಷ. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಗಣಿತ. ಒಬ್ಬರೇ ಇರುತ್ತಾರೆ. ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರೆ ಯಾರಿಗೆ ಗೊತ್ತಾಗುತ್ತೆ ಅನ್ನುವ ಒಂದೇ ಯೋಚನೆ ನನ್ನನ್ನು ಎಷ್ಟೋ ಸಲ ನಡುರಾತ್ರಿ ಎಬ್ಬಿಸಿದೆ. ಹಾಗಾಗಿ ಈ ಸಲ ನನ್ನ ಲೆಕ್ಕಾಚಾರವೇ ಬೇರೆ ಇತ್ತು. ನನಗೆ ಇಲ್ಲಿನ ಪೌರತ್ವ ಸಿಕ್ಕಿದೆ. ಅಪ್ಪನಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಿ ಇಲ್ಲೇ ಉಳಿಸಿಕೊಳ್ಳಬೇಕು. ಪ್ರಿಂಟ್ ತೆಗೆದ ಅರ್ಜಿ ಡ್ರಾಯರ್‌ನಲ್ಲಿತ್ತು. ಅಪ್ಪನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ಅಪ್ಪ ಏನೂ ದೂರುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಸೋಫಾದ ಮೇಲೆ ಕೂರುತ್ತಿದ್ದರು. ಎಲ್ಲಿಗೋ ಹೊರಟವರ ಹಾಗೆ. ಹೋಗುವುದೆಲ್ಲಿಗೆ? ನಮ್ಮ ಲೇಔಟ್‌ನಲ್ಲಿ ಹಾಲು ತರಬೇಕಾದರೂ ಕಾರು ಬೇಕು. ಒಂದು ದಿನ ಕೇಳಿದರು: "ಅಲ್ಲವ್ವಾ, ಇಷ್ಟು ದೊಡ್ಡ ಊರಾಗೆ ಬೀದಿ ನಾಯಿ ಒಂದೂ ಇಲ್ವಲ್ಲ, ಎಲ್ಲಿ ಹೋದ್ವು?"

ಇಲ್ಲಿ ಒಡೆಯನಿಲ್ಲದ ನಾಯಿಯನ್ನು ಹಿಡಿದು ಶೆಲ್ಟರ್‌ಗೆ ಒಯ್ಯುತ್ತಾರೆ, ಬೇಕಾದವರು ಅಲ್ಲಿಂದ ಸಾಕಿಕೊಳ್ಳುತ್ತಾರೆ ಅಂದೆ. "ಹಂಗಾ" ಅಂದು ಸುಮ್ಮನಾದರು. ಊರಿನಲ್ಲಿ ಅಪ್ಪನಿಗೊಬ್ಬ ಕೆಂಚ ಇದ್ದಾನೆ. ಸಾಕಿದ ನಾಯಿ ಅಲ್ಲ, ಬೀದಿಯದು. ಆದರೆ ಅಪ್ಪ ಗೇಟು ತೆಗೆಯುವ ಹೊತ್ತಿಗೆ ಸರಿಯಾಗಿ ಬಂದು ನಿಂತಿರುತ್ತಾನೆ.

ಆ ವಾರ ನನ್ನ ಎಂಟು ವರ್ಷದ ಮಗ ಲೈಬ್ರರಿಯಿಂದ ಹಳೆಯದೊಂದು ಡಿವಿಡಿ ತಂದ. '777 ಚಾರ್ಲಿ' ನೋಡಿದಾಗಿನಿಂದ ಅವನಿಗೆ ನಾಯಿ ಸಿನಿಮಾಗಳ ಹುಚ್ಚು. ಈ ಸಲದ್ದು 'ಬೆಂಜಿ', 1974ರದ್ದು. ಅಜ್ಜ ಮೊಮ್ಮಗ ಒಟ್ಟಿಗೆ ನೋಡಲು ಕೂತರು. ನಾನು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಅರ್ಧ ಕಣ್ಣು ಅತ್ತ ಇಟ್ಟಿದ್ದೆ.

ಕಥೆ ಸರಳ. ಬೆಂಜಿ ಒಂದು ಬೀದಿ ನಾಯಿ. ಊರಿನ ಪಾಳುಮನೆಯಲ್ಲಿ ಮಲಗುತ್ತದೆ. ಬೆಳಗಾದರೆ ಅದಕ್ಕೊಂದು ಸುತ್ತು. ಒಂದು ಮನೆಯಲ್ಲಿ ಇಬ್ಬರು ಮಕ್ಕಳು ಕಾಯುತ್ತಿರುತ್ತಾರೆ, ಅಡುಗೆಯಾಕೆ ತಿನ್ನಲು ಕೊಡುತ್ತಾಳೆ. ದಾರಿಯಲ್ಲೊಬ್ಬ ಪೊಲೀಸ್, ಮುಂದೆ ಕೆಫೆ ನಡೆಸುವ ಮುದುಕ ಬಿಲ್. ಎಲ್ಲರಿಗೂ ಬೇಕಾದವನು, ಯಾರ ನಾಯಿಯೂ ಅಲ್ಲ. ಮಕ್ಕಳ ಅಪ್ಪ ಡಾಕ್ಟರು, ಮನೆಯೊಳಗೆ ನಾಯಿ ಬೇಡವೇ ಬೇಡ ಅನ್ನುವವರು. ಅದೇ ಮಕ್ಕಳನ್ನು ಯಾರೋ ಅಪಹರಿಸಿ ಬೆಂಜಿಯ ಪಾಳುಮನೆಯಲ್ಲೇ ಕೂಡಿಹಾಕುತ್ತಾರೆ. ವಿಷಯ ಗೊತ್ತಿರುವುದು ನಾಯಿಗೆ. ಅದು ಓಡಿ ಬಂದು ಬೊಗಳುತ್ತದೆ, ದೊಡ್ಡವರು ಅಟ್ಟುತ್ತಾರೆ.

"ಪಾಪ, ಅದಕ್ಕೆಲ್ಲ ಗೊತ್ತೈತಿ, ಹೇಳಾಕ ಬರವಲ್ದು" ಅಂದರು ಅಪ್ಪ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಸಿನಿಮಾ ಮುಗಿದ ಮೇಲೆ ಮಗ ಅದರ ಹಿನ್ನೆಲೆ ಹುಡುಕಿ ಓದತೊಡಗಿದ. ಜೋ ಕ್ಯಾಂಪ್ ಅನ್ನುವವರು ಡಲ್ಲಾಸ್‌ನಲ್ಲಿ ಜಾಹೀರಾತು ಕೆಲಸ ಮಾಡಿಕೊಂಡಿದ್ದವರು. ಸುಮಾರು 5 ಲಕ್ಷ ಡಾಲರ್ ಹೊಂದಿಸಿ ಈ ಸಿನಿಮಾ ಮಾಡಿದರು. ಹಾಲಿವುಡ್‌ಗೆ ಅದು ತೀರಾ ಸಣ್ಣ ದುಡ್ಡು. ಕ್ಯಾಮೆರಾವನ್ನು ನೆಲಕ್ಕೆ ಇಳಿಸಿ, ನಾಯಿಯ ಕಣ್ಣಿನ ಮಟ್ಟದಿಂದ ಊರನ್ನು ತೋರಿಸಿದರು. ದೊಡ್ಡ ಸ್ಟುಡಿಯೊಗಳು ಯಾವುವೂ ಬಿಡುಗಡೆಗೆ ಒಪ್ಪಲಿಲ್ಲ. ಕೊನೆಗೆ ತಾವೇ ಕಂಪನಿ ಮಾಡಿಕೊಂಡು ಹಂಚಿಕೆಗೆ ಇಳಿದರು. ಗಳಿಕೆ ಹೆಚ್ಚುಕಡಿಮೆ 4 ಕೋಟಿ ಡಾಲರ್ ಮುಟ್ಟಿತು. ಬೆಂಜಿಯ ಪಾತ್ರ ಮಾಡಿದ ನಾಯಿಯ ಹೆಸರು ಹಿಗಿನ್ಸ್. ಫ್ರಾಂಕ್ ಇನ್ ಅನ್ನುವ ತರಬೇತುದಾರ ಅದನ್ನು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಶೆಲ್ಟರ್‌ನಿಂದ ತಂದಿದ್ದರು. ವರ್ಷಗಟ್ಟಲೆ ಟಿವಿಯಲ್ಲಿ ನಟಿಸಿ, ಮುದಿಯಾದ ಮೇಲೆ ಮಾಡಿದ ಪಾತ್ರ ಇದು. ಮರುವರ್ಷವೇ ಹಿಗಿನ್ಸ್ ತೀರಿಕೊಂಡಿತು.

"ಅಮ್ಮಾ, ಶೂಟಿಂಗ್ ಆಗಿದ್ದು ಮೆಕಿನ್ನಿಯಲ್ಲಿ!" ಮಗ ಕೂಗಿದ. ಡೆಂಟನ್‌ನಲ್ಲೂ ಸ್ವಲ್ಪ ಆಗಿದೆ. ಮೆಕಿನ್ನಿ ನಮ್ಮ ಮನೆಯಿಂದ ಅರ್ಧ ಗಂಟೆ. ಎಷ್ಟೋ ಸಲ ಹೈವೇ ಮೇಲೆ ಅದರ ಬೋರ್ಡ್ ನೋಡಿಕೊಂಡೇ ಹೋಗಿದ್ದೇನೆ.

ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊರಟೆವು. ಡಲ್ಲಾಸ್‌ನಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದ ಮೆಕಿನ್ನಿ, ಕಾಲಿನ್ ಕೌಂಟಿಯ ಕೇಂದ್ರ. ನಮ್ಮ ಕಡೆಯ ಜಿಲ್ಲಾ ಕೇಂದ್ರ ಇದ್ದ ಹಾಗೆ ಅನ್ನಿ. 1970ರಲ್ಲಿ ಇಲ್ಲಿದ್ದ ಜನ ಸುಮಾರು 15 ಸಾವಿರ. 2020ರ ಗಣತಿಯಲ್ಲಿ 1.95 ಲಕ್ಷ. ಹೊರವಲಯದಲ್ಲಿ ನಮ್ಮಂಥವರ ಹೊಸ ಮನೆಗಳು, ಹೊಸ ಶಾಲೆಗಳು. ಆದರೆ ಹಳೆಯ ಊರಿನ ನಡುವಿನ ಚೌಕ ಹಾಗೇ ಉಳಿದಿದೆ. ಮಧ್ಯದಲ್ಲಿ 1870ರ ದಶಕದ ಕೋರ್ಟ್ ಕಟ್ಟಡ, ಈಗ ಅದು ರಂಗಮಂದಿರ. ಸುತ್ತ ಇಟ್ಟಿಗೆ ಗೋಡೆಯ ಅಂಗಡಿ ಸಾಲು, ಕಾಫಿ ಅಂಗಡಿ, ಹಳೆ ಸಾಮಾನಿನ ಅಂಗಡಿ, ಕೂರಲು ಬೆಂಚು. ಚೌಕ ದಾಟಿದರೆ ಮರದ ನೆರಳಿನ ಬೀದಿಗಳಲ್ಲಿ ಜಗಲಿ ಇರುವ ಹಳೇ ಮರದ ಮನೆಗಳು.

ಸಿನಿಮಾದ ಪಾಳುಮನೆ ಯಾವುದು ಅಂತ ಪತ್ತೆ ಮಾಡಲು ಮಗ ಸಜ್ಜಾಗಿಯೇ ಬಂದಿದ್ದ. ಇವೆಲ್ಲ ಜನ ವಾಸ ಇರುವ ಮನೆಗಳು, ಗೇಟಿನೊಳಗೆ ಇಣುಕಬಾರದು ಅಂತ ತಡೆದೆ. ಅವನು ಬೇರೆ ಆಟ ಕಂಡುಕೊಂಡ. ಕುಕ್ಕರುಗಾಲಲ್ಲಿ ಕೂತು ಬೆಂಜಿಯ ಎತ್ತರದಿಂದ ಫೋಟೊ ತೆಗೆಯತೊಡಗಿದ. ಆ ಎತ್ತರದಿಂದ ಊರು ಬೇರೆಯೇ ಕಾಣುತ್ತದೆ. ಬಾಗಿಲು, ಮೆಟ್ಟಿಲು, ಕಾಲುಗಳು. ಎಲ್ಲಿ ನಿಂತರೆ ಯಾರು ಹೊರಗೆ ಬರುತ್ತಾರೆ ಅನ್ನುವುದೇ ಮುಖ್ಯ ಅನ್ನಿಸುತ್ತದೆ.

ಅಷ್ಟರಲ್ಲಿ ಅಪ್ಪ ಕಾಣಲಿಲ್ಲ. ಎದೆ ಧಸಕ್ಕೆಂದಿತು. ಹುಡುಕಿದರೆ ಅವರು ಆಗಲೇ ಚೌಕವನ್ನು ಎರಡನೇ ಸುತ್ತು ಹಾಕುತ್ತಿದ್ದರು, ಕೈ ಹಿಂದೆ ಕಟ್ಟಿಕೊಂಡು, ದಾವಣಗೆರೆಯ ನಡಿಗೆಯಲ್ಲಿ. ಮೂರನೇ ಸುತ್ತಿಗೆ ಅಂಗಡಿಯ ಬಾಗಿಲು ಒರೆಸುತ್ತಿದ್ದ ಹೆಂಗಸು ಕೈ ಬೀಸಿದಳು. ಅಪ್ಪನೂ ಬೀಸಿದರು. ಆಮೇಲೆ ನೋಡಿದರೆ ಬೆಂಚಿನ ಮೇಲೆ ತಮ್ಮದೇ ವಯಸ್ಸಿನ ಒಬ್ಬರ ಪಕ್ಕ ಕೂತಿದ್ದಾರೆ. ಅವರ ಕಾಲಬುಡದಲ್ಲಿ ಮುದಿ ನಾಯಿ. ಅಪ್ಪ ಫೋನಿನಲ್ಲಿ ಕೆಂಚನ ಫೋಟೊ ತೋರಿಸುತ್ತಾ, "ನಾಟ್ ಮೈ ಡಾಗ್. ಬಟ್ ಎವ್ರಿ ಡೇ ಹಿ ಕಮ್ಸ್" ಅನ್ನುತ್ತಿದ್ದರು. ಬಂದು ಒಂದು ತಿಂಗಳಾದ ಮೇಲೆ ಅಪ್ಪ ಅಷ್ಟು ಮಾತಾಡಿದ್ದನ್ನು ಅವತ್ತೇ ಕೇಳಿದ್ದು.

ವಾಪಸ್ ಬರುವಾಗ ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಕೊನೆಯಲ್ಲಿ ಡಾಕ್ಟರು ಬೆಂಜಿಯನ್ನು ಮನೆಗೆ ಸೇರಿಸಿಕೊಳ್ಳುವುದು ಎಷ್ಟು ಚೆನ್ನಾಗಿದೆ ಅಲ್ವಾ ಅಪ್ಪಾಜಿ ಅಂದೆ. ಮಾತನ್ನು ಅರ್ಜಿಯ ಕಡೆಗೆ ತಿರುಗಿಸುವ ಉಪಾಯ ಅದು.

ಅಪ್ಪ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ಚೊಲೋ ಆತು. ಮಕ್ಕಳಿಗೆ ಖುಷಿ. ಆದ್ರ ಮನಿಯಾಗ ಇಟ್ಕೊಂಡ ಮ್ಯಾಲೆ, ಬೆಳಗಿನ ಸುತ್ತಿಗೆ ಬಿಡ್ತಾರೇನವ್ವಾ ಅವನ್ನ? ಆ ಕೆಫೆ ಮುದುಕ ಕಾಯ್ತಿರ್ತಾನಲ್ಲ."

ನಾನು ಉತ್ತರ ಕೊಡಲಿಲ್ಲ. ರಸ್ತೆ ನೋಡಿಕೊಂಡು ಗಾಡಿ ಓಡಿಸಿದೆ.

ರಾತ್ರಿ ಮಗ ಮಲಗಿದ ಮೇಲೆ ಅಪ್ಪನನ್ನು ಕೇಳಿದೆ, ಊರಲ್ಲಿ ನಿಮ್ಮ ಸುತ್ತು ಹೇಗಿರುತ್ತೆ, ಪೂರ್ತಿ ಹೇಳಿ ಅಂತ. ಹುಟ್ಟಿ ಬೆಳೆದ ಮನೆ, ನನಗೇ ಗೊತ್ತಿರಲಿಲ್ಲ. ಆರಕ್ಕೆ ಹಾಲಿನ ಬೂತ್. ಅಲ್ಲಿಂದ ಟೀ ಅಂಗಡಿ, ಕೆಂಚನಿಗೆ ಎರಡು ಬಿಸ್ಕತ್ತು. ಪಾರ್ಕಿನಲ್ಲಿ ಮೂವರು ಹಳೇ ಮೇಷ್ಟ್ರುಗಳು. ಆಮೇಲೆ ಲೈಬ್ರರಿಯಲ್ಲಿ ಪೇಪರ್. ಬರುವಾಗ ಹಳೇ ವಿದ್ಯಾರ್ಥಿಯೊಬ್ಬನ ಮೆಡಿಕಲ್ ಶಾಪ್. ಸಂಜೆ ಮಂಡಕ್ಕಿ ಮೆಣಸಿನಕಾಯಿ ಅಂಗಡಿ, "ವಾರಕ್ಕ ಒಂದೇ ಸಲ, ಬಿಪಿ ಐತಲ್ಲ." ಒಂದು ದಿನ ಜ್ವರ ಬಂದು ಎದ್ದಿರಲಿಲ್ಲವಂತೆ. ಏಳು ಗಂಟೆಗೆಲ್ಲ ಹಾಲಿನ ಬೂತಿನ ಹುಡುಗ ಬಾಗಿಲು ಬಡಿದಿದ್ದ. ಇದನ್ನು ನನಗೆ ಹೇಳಿರಲೇ ಇಲ್ಲ. "ನೀ ಗಾಬರಿ ಆಗ್ತಿಯ ಅಂತ."

ಅವತ್ತು ಅರ್ಜಿಯ ವಿಷಯವನ್ನೂ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಗಣಿತದ ಉತ್ತರ ಪತ್ರಿಕೆ ತಿದ್ದುವವರ ಹಾಗೆ. "ಇರ್ಲಿ, ಇಟ್ಟಿರವ್ವಾ. ಕಾಲು ನಿಂತ ದಿನ ನೋಡೋಣಂತ" ಅಂದರು. ನನಗೆ ಅಳು ಬಂತು. ಬೇಜಾರಾಗಿಲ್ಲ ಅಂದರೆ ಸುಳ್ಳಾಗುತ್ತದೆ.

ಟಿಕೆಟ್ ಎರಡು ತಿಂಗಳು ಮುಂಚೆಗೆ ಬದಲಾಯಿಸಿದೆವು. ಅಲ್ಲಿಯವರೆಗೆ ಪ್ರತಿ ಶನಿವಾರ ಮೆಕಿನ್ನಿ ಚೌಕ ತಪ್ಪಲಿಲ್ಲ. ಬೆಂಚಿನ ಗೆಳೆಯರು ಅಪ್ಪನಿಗೆ ಕಾಫಿ ಕೊಡಿಸಿದರು, ಅಪ್ಪ ಅವರ ನಾಯಿಗೆ ಬಿಸ್ಕತ್ತು ಒಯ್ದರು.

ಹೊರಡುವ ಮೊದಲು ಅಪ್ಪನಿಂದ ಒಂದೊಂದೇ ನಂಬರ್ ಇಸಿದುಕೊಂಡೆ. ಹಾಲಿನ ಬೂತು, ಟೀ ಅಂಗಡಿ, ಪಾರ್ಕಿನ ಮೇಷ್ಟ್ರು, ಮೆಡಿಕಲ್ ಶಾಪ್. ಎಲ್ಲರನ್ನೂ ಕೇಳಿ ವಾಟ್ಸ್ಆ್ಯಪ್ ಗುಂಪು ಮಾಡಿದೆ. ಹೆಸರು 'ಮೇಷ್ಟ್ರ ಸುತ್ತು'. ಬಚ್ಚಲಿನ ಗೋಡೆಗೆ ಹಿಡಿಕೆಗಳನ್ನೂ ಹಾಕಿಸಿದೆ. ಭಯ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ನನಗೆ ರಾತ್ರಿ ಮಲಗುವ ಹೊತ್ತು, ಅಲ್ಲಿ ಬೆಳಗು. ಗುಂಪಿನಲ್ಲಿ ಟೀ ಅಂಗಡಿಯವರು ಫೋಟೊ ಹಾಕುತ್ತಾರೆ. ಇಸ್ತ್ರಿ ಶರ್ಟಿನ ಅಪ್ಪ, ಪಕ್ಕದಲ್ಲಿ ಕೆಂಚ, ಇಬ್ಬರ ಕಣ್ಣೂ ಬಿಸ್ಕತ್ತಿನ ಮೇಲೆ.